ಗ್ರೇಟ್ ಡೇನ್ ಮರಿ: ಮುಂಗಾಲು ಸೊಟ್ಟ, ಎತ್ತಲು ಹೋದರೆ ಗುರ್ ಅನ್ನುತ್ತೆ

ತುಂಗಾತೀರ
ನಮಸ್ಕಾರ. ಊರು ಶಿವಮೊಗ್ಗ. ಗ್ರೇಟ್ ಡೇನ್ ಗಂಡು ಮರಿ, 4 ತಿಂಗಳು, ತೂಕ 31 ಕೆಜಿ. ಎರಡು ವಾರದಿಂದ ಮುಂಗಾಲಿನ ಪಾದಗಳು ಹೊರಕ್ಕೆ ತಿರುಗಿವೆ, ಬೆರಳು ಅಗಲಿಸಿಕೊಂಡಿವೆ, ಮಣಿಕಟ್ಟಿನ ಕೆಳಭಾಗ ನೆಲದ ಕಡೆ ಕುಸಿದ ಹಾಗೆ ಕಾಣುತ್ತೆ. ಮಲಗಿ ಎದ್ದಾಗ ಕುಂಟುತ್ತೆ, ಸ್ವಲ್ಪ ಓಡಾಡಿದ ಮೇಲೆ ಸರಿಹೋಗುತ್ತೆ. ಈಗ ಕಾರಿಗೆ ಹತ್ತಿಸಲು ಎತ್ತಿದರೆ, ಕಾಲು ಒರೆಸಲು ಹೋದರೆ ಗುರ್ ಅನ್ನುತ್ತೆ. ಮೊದಲು ಹೀಗಿರಲಿಲ್ಲ.

ಊಟ: ದೊಡ್ಡ ತಳಿಗಳ ಪಪ್ಪಿ ಫುಡ್ ದಿನಕ್ಕೆ 650 ಗ್ರಾಂ, ಮೂರು ಹೊತ್ತು. ಅದರ ಮೇಲೆ 2 ಮೊಟ್ಟೆ, ಹಾಲು ಹಾಕಿದ ರಾಗಿ ಗಂಜಿ ಒಂದು ಬಟ್ಟಲು, ಕ್ಯಾಲ್ಸಿಯಂ ಟಾನಿಕ್ 10 ಎಂಎಲ್ ಬೆಳಗ್ಗೆ ಸಂಜೆ. ಮನೆ ತುಂಬ ವಿಟ್ರಿಫೈಡ್ ಟೈಲ್ಸ್. ಟಾನಿಕ್ ಡಬಲ್ ಮಾಡಿ ಅಂತ ಮರಿ ಕೊಟ್ಟವರು ಹೇಳುತ್ತಿದ್ದಾರೆ. ಮಾಡಬಹುದಾ? ಗುರುಗುಟ್ಟೋದನ್ನ ಬಿಡಿಸೋದು ಹೇಗೆ?

ಎಲುಬು_ಕೀಲು
ಡಬಲ್ ಮಾಡಬೇಡಿ. ಟಾನಿಕ್ ಇವತ್ತೇ ನಿಲ್ಲಿಸಿ, ಇದನ್ನು ಹಂತಹಂತವಾಗಿ ಬಿಡಿಸಬೇಕಾಗಿಲ್ಲ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಈ ವಯಸ್ಸಿನ ಡೇನ್ ಮರಿ ಕುಂಟಿದರೆ ಎಚ್‌ಓಡಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎಲುಬಿನ ತುದಿಯಲ್ಲಿ, ಗ್ರೋತ್ ಪ್ಲೇಟ್ (ಎಲುಬು ಉದ್ದ ಬೆಳೆಯುವ ಮೃದ್ವಸ್ಥಿಯ ಪದರ) ಪಕ್ಕದಲ್ಲಿ ಆಗುವ ಉರಿಯೂತ ಅದು. ಹೆಚ್ಚಾಗಿ 2ರಿಂದ 6 ತಿಂಗಳ ಮರಿಗಳಲ್ಲಿ ಬರುತ್ತೆ.

ಮರಿ ಮಲಗಿರುವಾಗ ಮಣಿಕಟ್ಟಿನ ಸ್ವಲ್ಪ ಮೇಲೆ ಅಂಗೈ ಇಟ್ಟು ನೋಡಿ. ಎರಡೂ ಕಾಲಲ್ಲಿ ಅಲ್ಲಿ ಊದಿಕೊಂಡು ಬಿಸಿ ಇದೆಯಾ? ಮೆಲ್ಲಗೆ ಒತ್ತಿದರೆ ಕಾಲು ಎಳೆದುಕೊಳ್ಳುತ್ತಾ? ಡಿಜಿಟಲ್ ಥರ್ಮಾಮೀಟರ್‌ಗೆ ವ್ಯಾಸಲಿನ್ ಸವರಿ ಗುದದಲ್ಲಿ ಜ್ವರ ನೋಡಿ. 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ. 39.5 ದಾಟಿದ್ದರೆ, ಊಟ ಬಿಟ್ಟಿದ್ದರೆ, ಏಳಲಾರದೆ ಮಲಗಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಜ್ವರ ಇಲ್ಲದಿದ್ದರೂ ಎರಡೂ ಮಣಿಕಟ್ಟಿನ ಎಕ್ಸ್‌ರೇ ಒಂದು ತೆಗೆಸಿ. ಎಚ್‌ಓಡಿ ಆಗಿದ್ದರೆ ಗ್ರೋತ್ ಪ್ಲೇಟ್‌ಗೆ ಸಮಾನಾಂತರವಾಗಿ ಇನ್ನೊಂದು ಕಪ್ಪು ಗೆರೆ ಕಾಣುತ್ತೆ.

ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮೆಲಾಕ್ಸಿಕ್ಯಾಮ್ ಕೂಡ ಡಾಕ್ಟರು ತೂಕ ನೋಡಿ ಬರೆದುಕೊಟ್ಟರೆ ಮಾತ್ರ.

ಅಳತೆ_ಊಟ
ಕ್ಯಾಲ್ಸಿಯಂ ಯಾಕೆ ಬೇಡ ಅಂತ ಬಿಡಿಸಿ ಹೇಳುತ್ತೇನೆ. ಪ್ರತಿ ಡೇನ್ ಮರಿಯ ಮನೆಯಲ್ಲೂ ಆ ಬಾಟಲಿ ಇದ್ದೇ ಇರುತ್ತೆ.

ಬೆಳೆದ ನಾಯಿಯ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತೆ. ಎಳೆ ಮರಿಗೆ, ಸುಮಾರು 6 ತಿಂಗಳ ಒಳಗೆ, ಆ ಹಿಡಿತ ಇನ್ನೂ ಬಂದಿರಲ್ಲ. ಬಟ್ಟಲಲ್ಲಿ ಹೆಚ್ಚು ಹಾಕಿದಷ್ಟೂ ರಕ್ತಕ್ಕೆ ಹೆಚ್ಚು ಸೇರುತ್ತೆ. ಆಗ ಮೃದ್ವಸ್ಥಿ ಎಲುಬಾಗಿ ಬದಲಾಗುವ ಕೆಲಸ ಹದ ತಪ್ಪಿ ಕಾಲು ಸೊಟ್ಟಗಾಗುತ್ತೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದ್ದು ಗ್ರೇಟ್ ಡೇನ್ ಮರಿಗಳ ಮೇಲೆಯೇ. ಆಹಾರದಲ್ಲಿ 1.1% ಕ್ಯಾಲ್ಸಿಯಂ ಇದ್ದ ಮರಿಗಳಿಗಿಂತ 3.3% ತಿಂದ ಮರಿಗಳ ಎಲುಬಿನಲ್ಲಿ ತೊಂದರೆ ಎದ್ದು ಕಂಡಿತು. ಟಾನಿಕ್‌ಗಳಲ್ಲಿ ಸಾಮಾನ್ಯವಾಗಿ ವಿಟಮಿನ್ ಡಿ3 ಕೂಡ ಇರುತ್ತೆ, ಅದು ಹೀರುವಿಕೆಯನ್ನು ಇನ್ನಷ್ಟು ಏರಿಸುತ್ತೆ.

ನಿಮ್ಮ ಚೀಲದ ಹಿಂದೆ ಎರಡು ಅಂಕಿ ಹುಡುಕಿ: ಕ್ಯಾಲ್ಸಿಯಂ ಶೇಕಡಾವಾರು, ಕೆಜಿಗೆ ಎಷ್ಟು ಕಿಲೋಕ್ಯಾಲರಿ. ಶೇಕಡಾವಾರನ್ನು 10ರಿಂದ ಗುಣಿಸಿದರೆ ಕೆಜಿಗೆ ಎಷ್ಟು ಗ್ರಾಂ ಅಂತ ಸಿಗುತ್ತೆ. ಅದನ್ನು ಸಾವಿರ ಕಿಲೋಕ್ಯಾಲರಿಗೆ ಲೆಕ್ಕ ಹಾಕಿ. 3 ಗ್ರಾಂನಿಂದ 4.5 ಗ್ರಾಂ ಒಳಗಿರಬೇಕು, 3.5ರ ಆಸುಪಾಸು ಇದ್ದರೆ ನನ್ನ ಪ್ರಕಾರ ಬಹಳ ಒಳ್ಳೆಯದು.

ರಾಗಿ ಬಗ್ಗೆ ಹೆದರಬೇಡಿ. 100 ಗ್ರಾಂ ಹಿಟ್ಟಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ ಅಷ್ಟೇ. ಗಂಜಿ, ಹಾಲು, ಮೊಟ್ಟೆಯಿಂದ ತೊಂದರೆ ಬೇರೆ: ಕ್ಯಾಲರಿ ಏರಿ ಮರಿ ಬೇಗ ತೂಕ ಹಾಕುತ್ತೆ, ಮೆತ್ತನೆ ಕೀಲುಗಳ ಮೇಲೆ ಭಾರ ಬೀಳುತ್ತೆ. ಮೇಲೋಗರ ಎಲ್ಲ ಸೇರಿ ದಿನದ ಕ್ಯಾಲರಿಯ 10% ದಾಟಬಾರದು. ಗಂಜಿ ನಿಲ್ಲಿಸಿ, ದಿನಕ್ಕೆ ಒಂದು ಮೊಟ್ಟೆ ಇರಲಿ. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರೆ ಒತ್ತದೆಯೇ ಒಂದೊಂದೂ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಸಿಗದಿದ್ದರೆ ಪಪ್ಪಿ ಫುಡ್‌ನಲ್ಲೂ 10% ಕಡಿಮೆ ಮಾಡಿ, ವಾರಕ್ಕೊಮ್ಮೆ ತೂಕ ನೋಡಿ.

«ನಾಯಿ ಬಡಕಲಾಗಿದೆ» ಅಂತ ನೆಂಟರು ಹೇಳುತ್ತಾರೆ, ಹೇಳಲಿ. ನಿಧಾನ ಬೆಳೆದರೂ ಡೇನ್ ತನ್ನ ಪೂರ್ತಿ ಎತ್ತರಕ್ಕೆ ಬಂದೇ ಬರುತ್ತೆ, ಗ್ರೋತ್ ಪ್ಲೇಟ್ ಮುಚ್ಚಲು 18ರಿಂದ 24 ತಿಂಗಳು ಬೇಕು. ಪ್ರೋಟೀನ್ ಜಾಸ್ತಿಯಾಗಿ ಕಾಲು ಸೊಟ್ಟಗಾಗುತ್ತೆ ಅನ್ನೋದು ತಪ್ಪು, ಡೇನ್ ಮರಿಗಳಲ್ಲೇ ಅದನ್ನೂ ಪರೀಕ್ಷಿಸಿ ಅಲ್ಲಗಳೆದಿದ್ದಾರೆ. ಹಾಗಾಗಿ ಮೊಟ್ಟೆ, ಕೋಳಿ ಪೂರ್ತಿ ಬಿಡಿಸುವ ಅಗತ್ಯವಿಲ್ಲ.

ಟಾನಿಕ್ ಬೇಡ ಅಂದದ್ದು ಸರಿಯಾದ ಪಪ್ಪಿ ಫುಡ್ ತಿನ್ನುವ ಮರಿಗೆ. ಬರೀ ಅನ್ನ-ಕೋಳಿ ತಿನ್ನುವ ಮರಿಗೆ ಕ್ಯಾಲ್ಸಿಯಂ ನಿಜವಾಗಿಯೂ ಸಾಲದು, ಅಲ್ಲಿ ಡಾಕ್ಟರೇ ಅಳತೆ ಹೇಳಬೇಕು.

ಬಾಲ_ಭಾಷೆ
ಗುರ್ ಅನ್ನೋದಕ್ಕೆ ಉತ್ತರ ಮೇಲಿನ ಎರಡು ಪೋಸ್ಟ್‌ಗಳಲ್ಲೇ ಇದೆ: ಅದಕ್ಕೆ ನೋಯುತ್ತಿದೆ. ಗದರಬೇಡಿ, ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಗದರಿ ಅದನ್ನು ಅಡಗಿಸಿದರೆ ಎಚ್ಚರಿಕೆ ಕೊಡದೆ ನೇರ ಕಚ್ಚುವ ನಾಯಿ ಆಗುತ್ತೆ, ಆಗ ಅದರ ತೂಕ 60-70 ಕೆಜಿ ಇರುತ್ತೆ. ಡೇನ್ ಸೂಕ್ಷ್ಮ ಸ್ವಭಾವದ ನಾಯಿ, ಒಂದು ಏರುದನಿಗೇ ಮುದುಡಿಕೊಳ್ಳುತ್ತೆ. ಹೊರಗೆ ಸರಪಳಿ ಹಾಕಿ ಕಟ್ಟಿದರೆ ಅಂಜುಬುರುಕ ಆಗುತ್ತೆ, ಮನೆಯವರ ಮೈಗೆ ಒರಗಿಕೊಂಡೇ ಇರಬೇಕು ಅದಕ್ಕೆ.

ಎತ್ತುವಾಗ ಕಂಕುಳಲ್ಲಿ ಕೈ ಹಾಕಿ ಎಳೆಯಬೇಡಿ. ಒಂದು ತೋಳು ಎದೆಯ ಮುಂದೆ, ಇನ್ನೊಂದು ತೊಡೆಗಳ ಹಿಂದೆ, ನಾಲ್ಕೂ ಕಾಲು ಒಟ್ಟಿಗೆ ಏಳಬೇಕು. ಇನ್ನೆರಡು ತಿಂಗಳಲ್ಲಿ ಎತ್ತಲು ಆಗಲ್ಲ, ಈಗಲೇ ಕಾರಿಗೆ ಒಂದು ರ‍್ಯಾಂಪ್ ಮಾಡಿಸಿ. ನೋವು ಇಳಿದ ಮೇಲೆ ಮುಟ್ಟಿಸಿಕೊಳ್ಳೋದನ್ನ ಹೊಸದಾಗಿ ಕಲಿಸಿ: ಭುಜ ಎರಡು ಸೆಕೆಂಡ್ ಮುಟ್ಟಿ, ಕೈ ತೆಗೆದು, ಒಂದು ಚೂರು ಕೋಳಿ. ದಿನಕ್ಕೆ 3-4 ಸಲ. ಮೈ ಬಿಗಿ ಮಾಡದಿದ್ದರೆ ಮಾತ್ರ ಮೊಣಕೈಗೆ, ಆಮೇಲೆ ಪಾದಕ್ಕೆ ಇಳಿಯಿರಿ.

ನೆಲ ಇಷ್ಟೇ ಮುಖ್ಯ. ಟೈಲ್ಸ್ ಮೇಲೆ ಹಿಡಿತ ಸಿಗದೆ ಮರಿ ಬೆರಳು ಅಗಲಿಸುತ್ತೆ, ಪಾದ ಇನ್ನೂ ಕುಸಿಯುತ್ತೆ. ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್ ತಂದು ಅದು ಮಲಗುವ, ತಿನ್ನುವ, ಓಡಾಡುವ ದಾರಿಗೆ ಹಾಸಿ. ಗಟ್ಟಿಮುಟ್ಟು, ತೊಳೆಯಲೂ ಸುಲಭ. ಉಗುರು ನೆಲಕ್ಕೆ ಟಕಟಕ ಅನ್ನುತ್ತಿದ್ದರೆ ಕತ್ತರಿಸಿ. ಮೆಟ್ಟಿಲು ಬಂದ್. ಹುಲ್ಲಿನ ಮೇಲೋ ಮಣ್ಣಿನ ಮೇಲೋ 10-15 ನಿಮಿಷ ಅದರ ಪಾಡಿಗೆ ಬಿಡಿ, ಬೈಕ್ ಪಕ್ಕ ಓಡಿಸೋದು ಬೇಡವೇ ಬೇಡ.

ತುಂಗಾತೀರ
ಜ್ವರ 38.9, ಊತ ಇಲ್ಲ. ಎಕ್ಸ್‌ರೇ ನೋಡಿ ಎಚ್‌ಓಡಿ ಅಲ್ಲ ಅಂದರು. ಚೀಲದಲ್ಲಿ ಕ್ಯಾಲ್ಸಿಯಂ 1.4%, ಕೆಜಿಗೆ 3900 ಕಿಲೋಕ್ಯಾಲರಿ. ಮ್ಯಾಟ್ ಹಾಸಿದೆ. ಕಾಲಿಗೆ ಪಟ್ಟಿ ಕಟ್ಟಬೇಕಾ? ಬಟ್ಟಲನ್ನು ಸ್ಟ್ಯಾಂಡ್ ಮೇಲೆ ಇಡಬೇಕಾ?

ಅಳತೆ_ಊಟ
14 ಭಾಗಿಸು 3.9, ಅಂದರೆ ಸಾವಿರ ಕಿಲೋಕ್ಯಾಲರಿಗೆ 3.6 ಗ್ರಾಂ. ಚೀಲದಲ್ಲೇ ಬೇಕಾದಷ್ಟಿದೆ, ಟಾನಿಕ್ ಪೂರ್ತಿ ಹೆಚ್ಚುವರಿ ಆಗಿತ್ತು.

ಎಲುಬು_ಕೀಲು
ಪಟ್ಟಿ ಬೇಡ, ಕಟ್ಟಿದರೆ ಸ್ನಾಯು ಇನ್ನೂ ಸಡಿಲವಾಗುತ್ತೆ. ವಾರಕ್ಕೊಂದು ಫೋಟೊ ಎದುರಿನಿಂದ, ಒಂದು ಪಕ್ಕದಿಂದ ತೆಗೆದಿಡಿ. 3-4 ವಾರದಲ್ಲಿ ಸುಧಾರಣೆ ಕಾಣದಿದ್ದರೆ, ಅಥವಾ ಒಂದೇ ಕಾಲು ಹೆಚ್ಚು ಸೊಟ್ಟಗಾಗುತ್ತಾ ಹೋದರೆ ತಡ ಮಾಡದೆ ಮೂಳೆ ಸರ್ಜನ್‌ಗೆ ತೋರಿಸಿ. ಒಂದು ಗ್ರೋತ್ ಪ್ಲೇಟ್ ಪೆಟ್ಟಾಗಿ ಬೇಗ ಮುಚ್ಚಿದ್ದರೆ ಹಾಗಾಗುತ್ತೆ, ಅದು ಊಟದಿಂದ ಸರಿಹೋಗಲ್ಲ.

ಬಟ್ಟಲು ನೆಲದ ಮೇಲೇ ಇರಲಿ. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಬ್ಲೋಟ್‌ನ ಅಪಾಯ ಎಲ್ಲ ತಳಿಗಿಂತ ಡೇನ್‌ಗೆ ಹೆಚ್ಚು. 2000ದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ಬಟ್ಟಲು, ಗಬಗಬ ತಿನ್ನುವುದು ಎರಡೂ ಆ ಅಪಾಯ ಹೆಚ್ಚಿಸುವ ಪಟ್ಟಿಯಲ್ಲಿ ಬಂದಿವೆ. ಸಂತಾನಹರಣ ಮಾಡಿಸೋದಾದರೆ ಗ್ರೋತ್ ಪ್ಲೇಟ್ ಮುಚ್ಚಿದ ಮೇಲೆ ಮಾಡಿಸಿ, ಅದೇ ಅರಿವಳಿಕೆಯಲ್ಲಿ ಹೊಟ್ಟೆಯನ್ನು ಪಕ್ಕೆಗೆ ಹೊಲಿಯುವ ಗ್ಯಾಸ್ಟ್ರೋಪೆಕ್ಸಿಯೂ ಮಾಡಿಸಿ. ಹೊಟ್ಟೆ ಉಬ್ಬೋದನ್ನ ಅದು ತಡೆಯಲ್ಲ, ತಿರುಚೋದನ್ನ ತಡೆಯುತ್ತೆ. ವಾಂತಿಗೆ ಒತ್ತರಿಸಿದರೂ ಏನೂ ಬರದಿದ್ದರೆ, ಜೊಲ್ಲು ಸುರಿಸುತ್ತಾ ಕೂರಲಾಗದೆ ಒದ್ದಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಹೊತ್ತು ಆಪರೇಷನ್ ಮಾಡುವವರು ಯಾರಿದ್ದಾರೆ ಅಂತ ಪಶುವೈದ್ಯಕೀಯ ಕಾಲೇಜಿನಲ್ಲೂ ಖಾಸಗಿ ಕ್ಲಿನಿಕ್‌ಗಳಲ್ಲೂ ಈ ವಾರವೇ ಕೇಳಿ, ನಂಬರ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.