ಆಕಾಶಕ್ಕೆ ಹಾರಿಸಿದ ಛರ್ರಾ ಎಲ್ಲಿ ಬೀಳುತ್ತದೆ, ಅದಕ್ಕೆ ಹೊಣೆ ಯಾರು?

ಪ್ರಶ್ನೆ: ತೊಗರಿಹೊಲ (ಸೇಡಂ ತಾಲೂಕು)

ಎಲ್ಲರಿಗೂ ಶರಣು. ತಂದೆಯವರು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡಿದ್ದ ಒಂಟಿ ನಳಿಗೆಯ 12 ಬೋರ್ ಬಂದೂಕು, ಅವರು ತೀರಿಕೊಂಡ ನಂತರ, ವಾರಸುದಾರನಾಗಿ ಅರ್ಜಿ ಸಲ್ಲಿಸಿ ತರಬೇತಿ ಪ್ರಮಾಣಪತ್ರವನ್ನೂ ಒದಗಿಸಿದ ಮೇಲೆ ಈಗ ನನ್ನ ಹೆಸರಿಗೆ ಬಂದಿದೆ. ಹೊಲದಲ್ಲಿ ನಾನು ಇನ್ನೂ ಒಂದು ತೋಟಾ ಕೂಡ ಹಾರಿಸಿಲ್ಲ. ಹಾರಿಸುವ ಮೊದಲು ಒಂದು ವಿಷಯವನ್ನು ತಿಳಿದವರಿಂದ ಕೇಳಿಕೊಳ್ಳಬೇಕಾಗಿದೆ.

ಕಳೆದ ಹಂಗಾಮಿನಲ್ಲಿ ತೊಗರಿ ಕಾಯಿ ಕಟ್ಟಿದ್ದಾಗ ಹಂದಿ ಕಾಯಲೆಂದು ನಾನು ಮತ್ತು ತಮ್ಮ ಹೊಲದ ತಗಡಿನ ಶೆಡ್ಡಿನಲ್ಲಿ ಮಲಗಿದ್ದೆವು. ಮೇಲಿನ ಹೊಲದ ಕಾಕಾ ಹಂದಿಗಳನ್ನು ಬೆದರಿಸಲು ಆಕಾಶದ ಕಡೆಗೆ ಒಂದು ಸುತ್ತು ಹಾರಿಸಿದರು. ಸದ್ದು ಕೇಳಿಸಿ ಕೆಲವು ಕ್ಷಣಗಳಾದ ಮೇಲೆ ನಮ್ಮ ತಗಡಿನ ಮೇಲೆ ಹಿಡಿ ಜೋಳ ಚೆಲ್ಲಿದಂತೆ ಪಟಪಟನೆ ಸದ್ದಾಯಿತು. ಬೆಳಿಗ್ಗೆ ಹತ್ತಿ ನೋಡಿದರೆ ತಗಡಿನ ತಗ್ಗುಗಳಲ್ಲಿ ಸೀಸದ ಛರ್ರಾ (ತೋಟಾದೊಳಗಿನ ಸಣ್ಣ ಗುಂಡುಗಳು) ಬಿದ್ದಿದ್ದವು. ಎರಡು ಹೊಲಗಳ ನಡುವಿನ ಅಂತರ ಒಂದೂವರೆ ನೂರು ಮೀಟರಿಗೆ ಕಡಿಮೆಯಿಲ್ಲ. ಕೇಳಲು ಹೋದರೆ ಕಾಕಾ, “ನಾ ಯಾರ ಮ್ಯಾಲೂ ಹಿಡದಿಲ್ಲ, ಆಕಾಶಕ್ಕ ಹೊಡದೀನಿ” ಎಂದು ಬೇಸರಪಟ್ಟುಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ.

ಈಗ ಇನ್ನೊಂದು ಒತ್ತಾಯ ಬಂದಿದೆ. ಸೋದರಮಾವನ ಮಗನ ಮದುವೆಯ ಮೆರವಣಿಗೆಗೆ ಬಂದೂಕು ತಂದು ಎರಡು ಸುತ್ತು ಹಾರಿಸಬೇಕೆಂದು ಹಿರಿಯರು ಹೇಳುತ್ತಿದ್ದಾರೆ. ಮೇಲಕ್ಕೆ ಹಾರಿಸಿದ ಗುಂಡು ನಿಜವಾಗಿ ಎಷ್ಟು ದೂರ ಹೋಗುತ್ತದೆ, ಕೆಳಗೆ ಬರುವಾಗ ಅದಕ್ಕೆ ಎಷ್ಟು ಶಕ್ತಿ ಉಳಿದಿರುತ್ತದೆ, ಯಾರಿಗಾದರೂ ತಗುಲಿದರೆ “ಉದ್ದೇಶ ಇರಲಿಲ್ಲ” ಎಂಬ ಮಾತು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಮಾಜಿ ಸುಬೇದಾರ (ಹುಮನಾಬಾದ)

ತಮ್ಮಾ, ಹಾರಿಸುವ ಮೊದಲು ಕೇಳಿದ್ದೀಯ, ಅದೇ ಸಂತೋಷ. ಸೈನ್ಯದಲ್ಲಿ ಹೊಸ ಹುಡುಗರಿಗೆ ಗುರಿ ಅಭ್ಯಾಸ ಮಾಡಿಸುವ ಕೆಲಸದಲ್ಲಿ ನಾನು ಬಹಳ ಕಾಲ ಇದ್ದವನು. ನಾವು ಅವರಿಗೆ ಗುರಿಯನ್ನು ತೋರಿಸುವ ಮೊದಲು ಗುರಿಯ ಹಿಂದಿರುವ ಮಣ್ಣಿನ ದಿಬ್ಬವನ್ನು ತೋರಿಸುತ್ತಿದ್ದೆವು. ಗುರಿ ತಪ್ಪಿದ ಗುಂಡು, ಗುರಿಯನ್ನು ತೂರಿಕೊಂಡು ಹೋದ ಗುಂಡು, ಎರಡೂ ಕೊನೆಗೆ ಎಲ್ಲಾದರೂ ನಿಲ್ಲಲೇಬೇಕು. ಅದು ನಿಲ್ಲುವ ಜಾಗವನ್ನು ಹಾರಿಸುವವನು ಮೊದಲೇ ನಿಶ್ಚಯಿಸಿರಬೇಕು. ಹಾಗೆ ನಿಶ್ಚಯಿಸಲು ಆಗದಿದ್ದರೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಮೇಲೆ ಹೋಗಬಾರದು.

ಮೊದಲು ದೂರದ ಲೆಕ್ಕ ಹೇಳುತ್ತೇನೆ. ಛರ್ರಾ ಹೋಗುವ ಗರಿಷ್ಠ ದೂರ ಅದರ ಗಾತ್ರವನ್ನು ಅವಲಂಬಿಸಿದೆ. ಸೀಸದ ಛರ್ರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್ ಎಂಬುದು ಬೇಟೆಗಾರರಲ್ಲಿ ಬಹಳ ಹಿಂದಿನಿಂದ ಬಂದಿರುವ ಅಂದಾಜು. 4ನೇ ನಂಬರಿನ ಛರ್ರಾ ಮೂರು ಮಿಲಿಮೀಟರಿಗಿಂತ ತುಸು ದಪ್ಪವಿರುವುದರಿಂದ ಅದು 250 ಮೀಟರಿನವರೆಗೆ ಹೋಗಬಲ್ಲದು. ನಿಮ್ಮ ತಗಡಿನ ಮೇಲೆ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹಂದಿಗೆಂದು ಜನ ಬಳಸುವ, ದಪ್ಪ ಗುಂಡುಗಳಿರುವ ಎಲ್‌ಜಿ ತೋಟಾದ ಒಂದೊಂದು ಗುಂಡು ಒಂಬತ್ತು ಮಿಲಿಮೀಟರ್ ಆಸುಪಾಸಿನದು, ಹಾಗಾಗಿ ಅದು 700 ಮೀಟರ್ ತಲುಪುತ್ತದೆ. ಕೆಲಸಕ್ಕೆ ಬರುವ ದೂರ ಮೂವತ್ತು ನಲವತ್ತು ಮೀಟರ್ ಮಾತ್ರ ಎಂದು ಎಲ್ಲರಿಗೂ ಗೊತ್ತಿದೆ, ಆದರೆ ಅಪಾಯದ ದೂರ ಅದರ ಆರೇಳು ಪಟ್ಟಿನಿಂದ ಇಪ್ಪತ್ತು ಪಟ್ಟಿನವರೆಗೆ ಇರುತ್ತದೆ ಎಂಬುದನ್ನು ಯಾರೂ ನೆನೆಯುವುದಿಲ್ಲ. ರೈಫಲ್ಲಿನ ಮಾತೇ ಬೇರೆ. ಆಟಿಕೆಯಂತೆ ಕಾಣುವ ಪಾಯಿಂಟ್ 22 ರೈಫಲ್ಲಿನ ಗುಂಡು ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಪಾಯಿಂಟ್ 315ರದ್ದು ಎರಡು ಕಿಲೋಮೀಟರಿಗೂ ಆಚೆ ಹೋಗುತ್ತದೆ. ನಮ್ಮ ಕಡೆ ಎರಡು ಕಿಲೋಮೀಟರ್ ಅಂದರೆ ಬಹುತೇಕ ಪಕ್ಕದ ಊರು.

ಇನ್ನು ನೆಲದ ವಿಚಾರ. ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಎರೆ ಹೊಲಗಳು ಕಣ್ಣು ಹಾಯಿಸಿದಷ್ಟೂ ಸಮತಟ್ಟು. ಗುಂಡನ್ನು ತಡೆಯಲು ಗುಡ್ಡವಿಲ್ಲ, ಮೊಳಕಾಲೆತ್ತರದ ಒಡ್ಡು ಯಾವ ಲೆಕ್ಕಕ್ಕೂ ಬಾರದು. ಅದರ ಮೇಲೆ ತೊಗರಿ ಆಳೆತ್ತರ ಬೆಳೆಯುತ್ತದೆ. ಅದರೊಳಗೆ ಕೂತ ಮನುಷ್ಯ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ, ಆದರೆ ಎಲೆ ಮತ್ತು ಕಡ್ಡಿ ಗುಂಡನ್ನು ತಡೆಯುವುದಿಲ್ಲ. ಬೆಳೆ ಅಲುಗಾಡಿತೆಂದು ಸದ್ದಿನ ಮೇಲೆ ಹಾರಿಸುವುದು ನನ್ನ ಅಭಿಪ್ರಾಯದಲ್ಲಿ ಕ್ಷಮೆಗೆ ಅರ್ಹವಲ್ಲದ ಕೆಲಸ; ಅಲ್ಲಿ ಹಂದಿಯೇ ಇರಬಹುದು, ಬೆಳಗಿನ ಜಾವ ಹೊರಗೆ ಬಂದ ಕೂಲಿಯ ಹೆಣ್ಣುಮಗಳೂ ಇರಬಹುದು.

ಉತ್ತರ 2: ಭೀಮಾತೀರ (ಶಹಾಪುರ, ಯಾದಗಿರಿ ಜಿಲ್ಲೆ)

ಸುಬೇದಾರ ಸಾಹೇಬರ ಮಾತನ್ನು ಗೌರವಿಸುತ್ತೇನೆ, ಆದರೆ ರೈತರ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ಶೇಂಗಾ ಹೊಲವನ್ನು ನೇಗಿಲು ಹೊಡೆದಂತೆ ಕೆದರಿ ಹೋಗುತ್ತದೆ. ಡಬ್ಬಿ ಬಡಿದು, ಪಟಾಕಿ ಹಚ್ಚಿ ಸಾಕಾದವರು ಕೊನೆಗೆ ಬಂದೂಕಿನ ಸದ್ದಿಗೆ ಬರುತ್ತಾರೆ. ನಮ್ಮಲ್ಲಿ ಬೆಟ್ಟವಿದೆ, ಹಿಂದೆ ಬಂಡೆ ಇರುವ ಕಡೆಗೆ ತಿರುಗಿ ಹಾರಿಸಿದರೆ ಗುಂಡು ಅಲ್ಲಿಯೇ ನಿಲ್ಲುತ್ತದೆಯಲ್ಲವೇ? ನೆಟ್ಟಗೆ ತಲೆಯ ಮೇಲೆ ಹಾರಿಸಿದರೆ ಅದು ಬೀಳುವ ಹೊತ್ತಿಗೆ ವೇಗ ಕಳೆದುಕೊಂಡು ಕಲ್ಲಿನ ಹರಳಿನಂತೆ ಬೀಳುತ್ತದೆ ಎಂದೂ ಕೇಳಿದ್ದೇನೆ. ಇವೆರಡೂ ತಪ್ಪಾದರೆ ತಿಳಿಸಿ.

ಉತ್ತರ 3: ಮಾಜಿ ಸುಬೇದಾರ (ಹುಮನಾಬಾದ)

ಬಂಡೆ ಗುಂಡನ್ನು ನಿಲ್ಲಿಸುವುದಿಲ್ಲ, ತಿರುಗಿಸುತ್ತದೆ. ಮಣ್ಣು ಗುಂಡಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕಲ್ಲು ಅದನ್ನು ಯಾವ ಕೋನದಲ್ಲಿ, ಯಾವ ಕಡೆಗೆ ಕಳಿಸುತ್ತದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಶಹಾಪುರ, ಸುರಪುರದ ಬಂಡೆಗಳಿಗೂ, ಕಲಬುರಗಿ ಕಡೆಯ ಮನೆಗಳಿಗೆ ಹಾಸಿರುವ ಶಹಾಬಾದಿನ ಫರಸಿಗೂ, ಬೇಸಿಗೆಯಲ್ಲಿ ಗಟ್ಟಿಯಾದ ನೆಲಕ್ಕೂ ಈ ಮಾತು ಅನ್ವಯಿಸುತ್ತದೆ. ತುಂಬಿದ ಕೆರೆ ಅಥವಾ ಹೊಳೆಯ ನೀರಿನ ಮೇಲೆ ಓರೆಯಾಗಿ ಬಿದ್ದ ಗುಂಡು ಕೂಡ ಪುಟಿದು ಆಚೆ ದಡಕ್ಕೆ ಹೋಗುತ್ತದೆ.

ನೆಟ್ಟಗೆ ಹಾರಿಸುವ ಮಾತಿನಲ್ಲಿ ಅರ್ಧ ಸತ್ಯವಿದೆ. ಸಣ್ಣ ಛರ್ರಾ ನಿಜವಾಗಿಯೂ ನೆಟ್ಟಗೆ ಹೋಗಿ ನೆಟ್ಟಗೆ ಬಿದ್ದರೆ ಗಾಳಿ ಅದರ ವೇಗವನ್ನು ತಿಂದುಹಾಕುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಅನಾಹುತ. ರೈಫಲ್ ಗುಂಡು ಹಾಗಲ್ಲ. 1920ರ ಸುಮಾರಿಗೆ ಅಮೆರಿಕದ ಫ್ಲಾರಿಡಾದಲ್ಲಿ ಸೈನ್ಯದವರು ನೀರಿನ ನಡುವೆ ವೇದಿಕೆ ಕಟ್ಟಿ, ನಳಿಗೆಯನ್ನು ಬಿಗಿದು ನಿಲ್ಲಿಸಿ ಐದು ನೂರಕ್ಕೂ ಹೆಚ್ಚು ಗುಂಡುಗಳನ್ನು ನೆಟ್ಟಗೆ ಮೇಲಕ್ಕೆ ಹಾರಿಸಿದ ಪ್ರಯೋಗವನ್ನು ಜೂಲಿಯನ್ ಹ್ಯಾಚರ್ ಎಂಬ ಸೇನಾಧಿಕಾರಿ ದಾಖಲಿಸಿದ್ದಾರೆ. ಅಷ್ಟರಲ್ಲಿ ನಾಲ್ಕು ಗುಂಡುಗಳು ಮಾತ್ರ ಮರಳಿ ಆ ವೇದಿಕೆಯ ಮೇಲೆ ಬಿದ್ದವು, ಉಳಿದವು ಗಾಳಿಗೆ ಎಲ್ಲೆಲ್ಲೋ ಹೋದವು. ಬೀಳುವಾಗಿನ ವೇಗ ಸೆಕೆಂಡಿಗೆ ಸುಮಾರು 90 ಮೀಟರ್ ಎಂದು ಅವರು ಲೆಕ್ಕ ಹಾಕಿದರು. ಸೆಕೆಂಡಿಗೆ 60 ಮೀಟರ್ ಆಸುಪಾಸಿನ ವೇಗವಿದ್ದರೂ ಸಾಕು, ಗುಂಡು ಚರ್ಮವನ್ನು ಸೀಳಬಲ್ಲದು. ಅದೂ ಯಂತ್ರಕ್ಕೆ ಬಿಗಿದ ನಳಿಗೆಯ ಫಲಿತಾಂಶ. ಮೆರವಣಿಗೆಯಲ್ಲಿ, ಹಲಗೆಯ ಸದ್ದಿಗೆ ಕುಣಿಯುವ ಜನರ ನಡುವೆ, ಒಂದೇ ಕೈಯಲ್ಲಿ ಎತ್ತಿ ಹಿಡಿದ ಬಂದೂಕು ನೆಟ್ಟಗೆ ಇರುವುದುಂಟೇ? ಅದು ಓರೆಯಾಗಿಯೇ ಇರುತ್ತದೆ, ಮತ್ತು ಓರೆಯಾಗಿ ಹೋದ ಗುಂಡು ತಿರುಗುತ್ತಲೇ, ಮೂತಿ ಮುಂದಾಗಿಯೇ, ಇನ್ನೂ ಹೆಚ್ಚಿನ ವೇಗದಲ್ಲಿ ಇಳಿಯುತ್ತದೆ. ಲಾಸ್ ಏಂಜಲಿಸ್ ನಗರದ ಒಂದು ಆಸ್ಪತ್ರೆಯ ವೈದ್ಯರು 1985ರಿಂದ 1992ರವರೆಗೆ ಹೀಗೆ ಮೇಲಿನಿಂದ ಬಿದ್ದ ಗುಂಡಿನಿಂದ ಗಾಯಗೊಂಡ 118 ಜನರ ವಿವರ ಪ್ರಕಟಿಸಿದರು. ಅವರಲ್ಲಿ 38 ಜನ ತೀರಿಕೊಂಡಿದ್ದರು. ಅವರಲ್ಲಿ ಯಾರ ಕಡೆಗೂ ಯಾರೂ ಗುರಿ ಇಟ್ಟಿರಲಿಲ್ಲ.

ಉತ್ತರ 4: ಕೋರ್ಟ್ ರಸ್ತೆ (ವಕೀಲ, ಕಲಬುರಗಿ)

ಕಾನೂನಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 25(9)ನೇ ಕಲಂ ಸೇರಿತು. ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ಬಂದೂಕನ್ನು ಅಜಾಗರೂಕತೆಯಿಂದ ಬಳಸಿದವರಿಗೆ, ಅಥವಾ ಸಂಭ್ರಮಕ್ಕೆಂದು ಹಾರಿಸಿದವರಿಗೆ, ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಂಭ್ರಮದ ಗುಂಡು ಎಂದರೇನೆಂಬ ವಿವರಣೆಯಲ್ಲಿ ಸಾರ್ವಜನಿಕ ಸಭೆ, ಧಾರ್ಮಿಕ ಸ್ಥಳ, ಮದುವೆ ಸಮಾರಂಭಗಳನ್ನು ಹೆಸರಿಸಿಯೇ ಹೇಳಲಾಗಿದೆ. ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಯಾರಿಗೂ ಗಾಯವಾಗಿರಬೇಕಿಲ್ಲ. ಅಪಾಯ ಒಡ್ಡಿದರೆ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಝಳಪಿಸುವುದನ್ನೂ ಹಾರಿಸುವುದನ್ನೂ ನಿಷೇಧಿಸಿವೆ, ಹಾಗೆ ಮಾಡಿದರೆ ಪರವಾನಗಿಯೂ ಹೋಗಬಹುದು.

ಗಾಯವಾದರೆ, ಸಾವು ಸಂಭವಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂಗಳೂ ಸೇರುತ್ತವೆ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ 106(1)ರಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಆದರೆ ಹೀಗೆ ಮಾಡಿದರೆ ಸಾವು ಸಂಭವಿಸಬಹುದೆಂಬ ಅರಿವು ಆರೋಪಿಗೆ ಇತ್ತೆಂದು ಕೋರ್ಟಿಗೆ ಮನವರಿಕೆಯಾದರೆ ವಿಷಯ ನಿರ್ಲಕ್ಷ್ಯವನ್ನು ದಾಟಿ ದಂಡನೀಯ ನರಹತ್ಯೆಗೆ ಹೋಗುತ್ತದೆ. “ಉದ್ದೇಶ ಇರಲಿಲ್ಲ” ಎಂಬ ಮಾತು ಕೊಲೆ ಆರೋಪದಿಂದ ಪಾರುಮಾಡಬಹುದು, ಅರಿವಿನ ಆರೋಪದಿಂದ ಪಾರುಮಾಡುವುದಿಲ್ಲ. ಉತ್ತರಾಖಂಡದ ಒಂದು ಮದುವೆಯಲ್ಲಿ ಛಾವಣಿಯ ಕಡೆಗೆ ಹಾರಿಸಿದ ಛರ್ರಾ ತಗುಲಿ ಇಬ್ಬರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನೇ ಮಾಡಿತು: ಕೊಲೆ ಎಂಬುದನ್ನು ತೆಗೆದುಹಾಕಿತು, ಆದರೆ ನರಹತ್ಯೆಗೆ ಹತ್ತು ವರ್ಷದ ಕಠಿಣ ಶಿಕ್ಷೆ ಕೊಟ್ಟಿತು. ಆತ್ಮರಕ್ಷಣೆಗೆ ಅಥವಾ ಬೆಳೆ ಮತ್ತು ದನಕರುಗಳ ರಕ್ಷಣೆಗೆ ಪರವಾನಗಿ ಪಡೆದ ಬಂದೂಕನ್ನು ಸಂಭ್ರಮಕ್ಕೆ ಹಾರಿಸುವಂತಿಲ್ಲ ಎಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ. ಆರೋಪಿಯು ಆಕಾಶದ ಕಡೆಗೆ ಹಾರಿಸುವ ಎಚ್ಚರಿಕೆಯನ್ನೂ ವಹಿಸಲಿಲ್ಲ ಎಂದು ಅದೇ ತೀರ್ಪಿನಲ್ಲಿ ಬಂದಿರುವ ಸಾಲನ್ನು ಹಿಡಿದುಕೊಂಡು, ಆಕಾಶಕ್ಕೆ ಹಾರಿಸಿದರೆ ತಪ್ಪಿಲ್ಲ ಎಂದು ವಾದಿಸುವವರನ್ನು ಕಂಡಿದ್ದೇನೆ. ಆ ಘಟನೆ 2019ರ ತಿದ್ದುಪಡಿಗಿಂತ ಬಹಳ ಹಿಂದಿನದು. ಇಂದು ಆ ವಾದಕ್ಕೆ ನೆಲೆಯಿಲ್ಲ.

ಮದುವೆ ಮನೆಯಲ್ಲಿ ಇನ್ನೊಂದು ಅಪಾಯವಿದೆ. ಬಂದೂಕು ನಿಮ್ಮ ಕೈಯಿಂದ ಮದುಮಗನ ಗೆಳೆಯರ ಕೈಗೆ ಹೋಗುತ್ತದೆ. ಪರವಾನಗಿ ಇಲ್ಲದವರ ಕೈಗೆ ಕೊಟ್ಟದ್ದೇ ಪ್ರತ್ಯೇಕ ಅಪರಾಧವಾಗುತ್ತದೆ.

ಪ್ರಾಣಿಗಳ ವಿಷಯದಲ್ಲಿ ಶಹಾಪುರದವರಿಗೆ ಎರಡು ಮಾತು. ಬೆಳೆ ರಕ್ಷಣೆಯ ಪರವಾನಗಿ ಇದೆಯೆಂದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಅನುಮತಿ ಸಿಕ್ಕಂತಲ್ಲ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಬೇಕು. ಬೀದರ್ ಕಡೆ ಬೆಳೆ ಮೇಯುವ ಕೃಷ್ಣಮೃಗ ಅದೇ ಕಾಯ್ದೆಯ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪಟ್ಟಿಯ ಪ್ರಾಣಿ, ಬೆಳೆ ಹಾನಿಯ ಕಾರಣಕ್ಕೆ ಅದನ್ನು ಹೊಡೆಯಲು ಅನುಮತಿ ಸಿಗುವುದೇ ಇಲ್ಲ. ಬೆಳೆ ಹಾನಿಗೆ ಇಲಾಖೆಯಿಂದ ಪರಿಹಾರವಿದೆ. ಹೊಲದ ಫೋಟೊ ಮತ್ತು ಪಹಣಿ ಇಟ್ಟುಕೊಂಡು ತಡಮಾಡದೆ ಅರ್ಜಿ ಕೊಡಿ.

ಪ್ರಶ್ನೆ ಕೇಳಿದವರು: ತೊಗರಿಹೊಲ

ಮೂವರಿಗೂ ಧನ್ಯವಾದಗಳು. ಮದುವೆಗೆ ಬಂದೂಕು ತರುವುದಿಲ್ಲವೆಂದು ಮಾವನವರಿಗೆ ನಿನ್ನೆ ಸಂಜೆಯೇ ತಿಳಿಸಿದೆ. ಸ್ವಲ್ಪ ಮುನಿಸಿಕೊಂಡಿದ್ದಾರೆ, ವಕೀಲ ಸಾಹೇಬರ ಉತ್ತರವನ್ನು ಅವರ ಮೊಬೈಲಿಗೆ ಕಳಿಸಿದ್ದೇನೆ. ಮೇಲಿನ ಹೊಲದ ಕಾಕಾರ ಜೊತೆ ಜಗಳ ನನಗೆ ಬೇಡ, ಅವರಿಗೆ ಇದನ್ನು ಹೇಗೆ ಹೇಳಬೇಕು? ಮತ್ತು ಸದ್ದಿಗಾದರೂ ಹಾರಿಸಲೇಬೇಕಾದ ಸಂದರ್ಭ ಬಂದರೆ ಏನು ಮಾಡಬೇಕು?

ಉತ್ತರ 5: ಮಾಜಿ ಸುಬೇದಾರ (ಹುಮನಾಬಾದ)

ಕಾಕಾರಿಗೆ ಕಾನೂನು ಹೇಳಬೇಡ, ತಗಡಿನ ಮೇಲೆ ಸಿಕ್ಕ ಛರ್ರಾಗಳನ್ನು ಅವರ ಅಂಗೈಯಲ್ಲಿ ಇಟ್ಟು ಅಂತರವನ್ನು ಅವರ ಜೊತೆಗೇ ಹೆಜ್ಜೆ ಹಾಕಿ ಅಳೆ. ಸುತ್ತಲಿನ ಹೊಲಗಳಲ್ಲಿ ಯಾರ ಶೆಡ್ ಎಲ್ಲಿದೆ, ಯಾವ ರಾತ್ರಿ ಯಾರು ಕಾವಲಿಗೆ ಮಲಗುತ್ತಾರೆ, ರಾಶಿಗೆ ಬಂದ ಕೂಲಿಯವರು ಎಲ್ಲಿ ಬಿಡಾರ ಹೂಡಿದ್ದಾರೆ ಎಂಬುದನ್ನು ಎಲ್ಲ ಹೊಲದವರೂ ಕೂತು ಗುರುತು ಹಾಕಿಕೊಂಡರೆ ಯಾವ ದಿಕ್ಕಿಗೂ ಹಾರಿಸಲು ಜಾಗವಿಲ್ಲ ಎಂದು ಅವರಿಗೇ ಕಾಣುತ್ತದೆ.

ಸದ್ದಿಗೆ ಬಂದೂಕು ನನ್ನ ಪ್ರಕಾರ ಬೇಡವೇ ಬೇಡ. ಛರ್ರಾ ಇಲ್ಲದ ಖಾಲಿ ತೋಟಾ ಕೂಡ ಹತ್ತಿರದಲ್ಲಿ ಇರುವವರನ್ನು ಗಾಯಗೊಳಿಸುತ್ತದೆ, ಏಕೆಂದರೆ ನಳಿಗೆಯಿಂದ ಬಿಸಿ ಅನಿಲ ಮತ್ತು ಒಳಗಿನ ಬಿರಡೆ ರಭಸದಿಂದ ಹೊರಬರುತ್ತವೆ. ಸೌರ ಬೇಲಿಗೆ, ದೀಪಕ್ಕೆ, ಪಾಳಿಯ ಕಾವಲಿಗೆ ನಾಲ್ಕು ಹೊಲದವರು ಸೇರಿ ಖರ್ಚು ಹಾಕಿಕೊಳ್ಳಿ. ಅನುಮತಿ ಸಹಿತ ನಿಜವಾಗಿಯೇ ಹಾರಿಸುವ ದಿನ ಬಂದರೆ ಹಗಲಿನಲ್ಲಿ, ಗುರಿ ಪೂರ್ತಿಯಾಗಿ ಕಂಡಾಗ, ಎತ್ತರದ ಮಂಚಿಕೆಯ ಮೇಲಿಂದ ಕೆಳಮುಖವಾಗಿ ಮೆತ್ತನೆಯ ಮಣ್ಣಿಗೆ ಹೋಗುವಂತೆ ಹಾರಿಸಬೇಕು. ತಪ್ಪಿದರೂ ಗುಂಡು ನಿನ್ನ ಹೊಲದ ಎರೆಯಲ್ಲೇ ಹೂತುಕೊಳ್ಳುತ್ತದೆ. ಅಲ್ಲಿಯವರೆಗೆ ಬಂದೂಕು ಒಂದು ಕಪಾಟಿನಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ ಹಾಕಿ ಕೀಲಿ ನಿನ್ನ ಹತ್ತಿರವೇ ಇಟ್ಟುಕೊ.