ಕಾಸನೋವನ ಆತ್ಮಕಥೆಯನ್ನು ಓದಿದ ಮೇಲೆ ನಮ್ಮ ಬಳಗದಲ್ಲಿ ಎದ್ದ ಪ್ರಶ್ನೆ

ಪ್ರಶ್ನೆ: ದಾವಣಗೆರೆಯ ಓದುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಮೊದಲೇ ಓದಿಕೊಂಡು ಬಂದ ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಈ ವರ್ಷ ಆತ್ಮಕಥೆಗಳನ್ನೇ ಓದುವುದೆಂದು ನಿಶ್ಚಯಿಸಿದ್ದರಿಂದ ಗಾಂಧೀಜಿಯವರದು, ರೂಸೋನದು ಮುಗಿದ ಮೇಲೆ ಕಾಸನೋವನ ಆತ್ಮಕಥೆಯನ್ನು ಕೈಗೆತ್ತಿಕೊಂಡೆವು. 1725ರಲ್ಲಿ ವೆನಿಸ್ಸಿನಲ್ಲಿ ನಾಟಕದವರ ಮನೆಯಲ್ಲಿ ಹುಟ್ಟಿದ ಈತ ಪಾದ್ರಿಯಾಗಲು ಹೊರಟವನು. ಆಮೇಲೆ ಪಿಟೀಲು ನುಡಿಸಿ, ಜೂಜಾಡಿ, ಪ್ಯಾರಿಸ್ಸಿನಲ್ಲಿ ಸರ್ಕಾರದ ಲಾಟರಿ ವ್ಯವಹಾರಕ್ಕೆ ಕೈಹಾಕಿ, ಅದಕ್ಕೂ ಮೊದಲು 1756ರಲ್ಲಿ ವೆನಿಸ್ಸಿನ ಸೆರೆಮನೆಯ ಸೂರಿನಿಂದ ತಪ್ಪಿಸಿಕೊಂಡು, ಕೊನೆಗಾಲದಲ್ಲಿ ಬೊಹೀಮಿಯಾದ ಡುಕ್ಸ್ ಎಂಬಲ್ಲಿ ಒಬ್ಬ ಸಿರಿವಂತ ಕೌಂಟನ ಗ್ರಂಥಪಾಲಕನಾಗಿ ಇದನ್ನೆಲ್ಲ ಬರೆದವನು. ತಾನು ಕೂಡಿದ ನೂರಕ್ಕೂ ಹೆಚ್ಚು ಹೆಂಗಸರ ವಿಷಯವನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಓದಿ ಬಂದವರ ಅಭಿಪ್ರಾಯಗಳು ಒಂದಕ್ಕೊಂದು ಎಷ್ಟು ದೂರವಿದ್ದವೆಂದರೆ ಎಲ್ಲರೂ ಒಂದೇ ಪುಸ್ತಕವನ್ನು ಓದಿದ್ದಾರೆಯೇ ಎಂಬ ಅನುಮಾನ ನನಗೆ ಬಂತು. ಹಿರಿಯರೊಬ್ಬರು ಅರ್ಧಕ್ಕೇ ಮುಚ್ಚಿಟ್ಟಿದ್ದರು. ತನ್ನ ಹಾಸಿಗೆಯ ಸುದ್ದಿಯನ್ನು ಊರಿಗೆಲ್ಲ ಡಂಗುರ ಹೊಡೆಯುವವನ ಮಾತಿಗೆ ನಾವೇಕೆ ಕಿವಿಗೊಡಬೇಕು ಎಂದು ಕೇಳಿದರು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿರುವ ಯುವಕರೊಬ್ಬರು, ಆ ಕಾಲದ ಊಟ, ಉಡುಪು, ದಾರಿಯ ಛತ್ರ, ಜೂಜಿನ ಮೇಜು, ವೈದ್ಯರ ಚಿಕಿತ್ಸೆ ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ, ಹಾಸಿಗೆಯ ಸಂಗತಿ ಅದರಲ್ಲೊಂದು ಪಾಲು ಮಾತ್ರ ಎಂದು ವಾದಿಸಿದರು. ಇನ್ನೊಬ್ಬರು ಇಂಥದ್ದನ್ನು ಕೂಡಿ ಓದುವುದು ಕಾನೂನಿಗೆ ವಿರುದ್ಧವಾಗದೇ ಎಂದು ಅಳುಕಿದರು. ಹೈಸ್ಕೂಲಿನ ಮೇಡಂ ಒಬ್ಬರು ಕೊನೆಯವರೆಗೂ ಸುಮ್ಮನಿದ್ದು, ಎದ್ದು ಹೊರಡುವಾಗ, "ಈ ಹೆಂಗಸರಲ್ಲಿ ಒಬ್ಬಳಾದರೂ ಇದೇ ಕಥೆಯನ್ನು ತನ್ನ ಬಾಯಿಂದ ಹೇಳಿದ್ದರೆ ಹೇಗಿರುತ್ತಿತ್ತು?" ಎಂದರು. ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ನನ್ನ ತೊಡಕು ಇದು. ಗಾಂಧೀಜಿ ತಂದೆಯ ಕೊನೆಯ ಗಳಿಗೆಯಲ್ಲಿ ತಾವು ಹೆಂಡತಿಯ ಬಳಿ ಇದ್ದುದನ್ನು ಬರೆದಾಗ ಆ ನೋವು ನಮಗೂ ತಟ್ಟುತ್ತದೆ. ರೂಸೋ ತಾನು ಕದ್ದ ರಿಬ್ಬನ್ನಿನ ಆರೋಪವನ್ನು ಅಡುಗೆಯವಳ ತಲೆಗೆ ಕಟ್ಟಿದ್ದನ್ನು ಹೇಳುವಾಗ ಅವನ ಒಳಗು ಕುದಿಯುತ್ತಿರುವುದು ಕಾಣುತ್ತದೆ. ಪಶ್ಚಾತ್ತಾಪದ ಜೊತೆಗೆ ಬಂದ ಸತ್ಯವನ್ನು ಒಪ್ಪಿಕೊಳ್ಳಲು ನಾವು ಅಭ್ಯಾಸವಾದವರು. ಕಾಸನೋವನಾದರೋ ನಡೆದುದನ್ನು ನೆನೆದು ಮತ್ತೊಮ್ಮೆ ಸುಖಪಡುವುದಕ್ಕಾಗಿ ಬರೆಯುತ್ತಾನೆ. ಪಶ್ಚಾತ್ತಾಪವಿಲ್ಲದ ಈ ಪ್ರಾಮಾಣಿಕತೆಯನ್ನು ಓದುಗರು ಹೇಗೆ ಸ್ವೀಕರಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಅಧ್ಯಾಪಕ, ಚಿತ್ರದುರ್ಗ

ತಮ್ಮ ಅನುಮಾನ ನಿಜವೇ ಇರಬಹುದು. ತಮ್ಮ ಬಳಗದವರೆಲ್ಲ ಒಂದೇ ಪುಸ್ತಕವನ್ನು ಓದಿರಲಿಕ್ಕಿಲ್ಲ. ಕಾಸನೋವ 1798ರಲ್ಲಿ ತೀರಿಕೊಂಡಾಗ ಫ್ರೆಂಚ್ ಭಾಷೆಯಲ್ಲಿ ಬರೆದ ಸುಮಾರು 3,700 ಪುಟಗಳ ಹಸ್ತಪ್ರತಿ ಉಳಿದಿತ್ತು, ಅದರ ಕಥೆ 1774ಕ್ಕೇ ನಿಂತುಹೋಗಿತ್ತು. 1821ರಲ್ಲಿ ಅವನ ಬಂಧುಗಳು ಅದನ್ನು ಲೈಪ್‌ಜಿಗ್‌ನ ಬ್ರಾಕ್‌ಹೌಸ್ ಪ್ರಕಾಶನಕ್ಕೆ ಮಾರಿದರು. ಮೊದಲು ಕತ್ತರಿ ಬಿದ್ದ ಜರ್ಮನ್ ಅನುವಾದ ಬಂತು. ಆಮೇಲೆ ಜಾನ್ ಲಾಫೋರ್ಗ್ ಎಂಬ ಫ್ರೆಂಚ್ ಮೇಷ್ಟ್ರು ಮೂಲವನ್ನು ತಿದ್ದಿ ತೀಡಿ 1826ರಿಂದ 1838ರ ನಡುವೆ ಹೊರತಂದರು. ಅವರು ಕೆಲವೆಡೆ ಶೃಂಗಾರವನ್ನು ಮಸುಕುಗೊಳಿಸಿದರು, ಕೆಲವೆಡೆ ತಾವೇ ಬಣ್ಣ ಬಳಿದರು. ಅರಸೊತ್ತಿಗೆಯನ್ನು ಮೆಚ್ಚುತ್ತಿದ್ದ ಕಾಸನೋವನ ಬಾಯಲ್ಲಿ ಕ್ರಾಂತಿಯ ಪರವಾದ ಮಾತುಗಳನ್ನೂ ಸೇರಿಸಿದರು. ಲೇಖಕ ಬರೆದಂತೆಯೇ ಇರುವ ಪಠ್ಯ ಅಚ್ಚಾಗಿದ್ದು 1960ರಿಂದ 1962ರ ಅವಧಿಯಲ್ಲಿ. ಅಂತರ್ಜಾಲದಲ್ಲಿ ಹಣ ಕೊಡದೆ ಸಿಗುವ ಆರ್ಥರ್ ಮಾಕೆನ್ ಅವರ 1894ರ ಇಂಗ್ಲಿಷ್ ಅನುವಾದ ಲಾಫೋರ್ಗ್ ಪಠ್ಯವನ್ನು ಆಧರಿಸಿದ್ದು. 1966ರಿಂದ ಬಂದ ವಿಲಿಯಂ ಟ್ರಾಸ್ಕ್ ಅವರ ಅನುವಾದ ಮೂಲವನ್ನು ಆಧರಿಸಿದ್ದು. ಯಾರು ಯಾವುದನ್ನು ಓದಿದ್ದಾರೆಂದು ವಿಚಾರಿಸಿ. ಅರ್ಧಕ್ಕೆ ಮುಚ್ಚಿಟ್ಟ ಹಿರಿಯರಿಗೆ ಬೇಸರ ತರಿಸಿದ ಸಾಲು ಕಾಸನೋವನದೇ ಅಲ್ಲದಿರುವ ಸಾಧ್ಯತೆಯೂ ಇದೆ.

ಓದುಗರ ಮಾನ ಕಾಯುತ್ತೇವೆಂದು ಹೊರಟವರು ಪಠ್ಯವನ್ನು ಕೆಡಿಸಿದ ಕಥೆ ನಮ್ಮ ನೆರೆಯಲ್ಲೂ ನಡೆದಿದೆ. ಕಾಸನೋವನ ಕಾಲದಲ್ಲೇ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಳು. 1887ರ ಮುದ್ರಣದಲ್ಲಿ ಆಕೆ ತನ್ನ ಬಗ್ಗೆ, ತನ್ನ ಅಜ್ಜಿಯ ಬಗ್ಗೆ ಅಭಿಮಾನದಿಂದ ಹೇಳಿಕೊಂಡ ಪೀಠಿಕೆಯನ್ನೂ ಕೆಲವು ಪದ್ಯಗಳನ್ನೂ ಬಿಟ್ಟಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ, ನಮ್ಮ ಬೆಂಗಳೂರು ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದರು. ಪುಸ್ತಕ ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಸಮಾಜ ಸುಧಾರಕರೆಂದು ಹೆಸರಾದ ವೀರೇಶಲಿಂಗಂ ಅವರೇ ಆ ಕವಯಿತ್ರಿಯನ್ನು ಹೀಗಳೆದಿದ್ದರು. ಹೆಂಗಸಿನ ಬಾಯಿಂದ ಬರಬಾರದ ಮಾತುಗಳಿವೆ ಎಂಬುದು ಅವರ ಆಕ್ಷೇಪಣೆಯ ತಿರುಳು. ಗಂಡಸರು ಬರೆದ ಇದೇ ಬಗೆಯ ಶೃಂಗಾರಕ್ಕೆ ಆ ಅಡ್ಡಿ ಯಾಕಿಲ್ಲ ಎಂದು ನಾಗರತ್ನಮ್ಮ ಮುನ್ನುಡಿಯಲ್ಲಿ ನೇರವಾಗಿಯೇ ಕೇಳಿದರು. ನಿಷೇಧ ತೆರವಾಗಲು 1947 ಬರಬೇಕಾಯಿತು. ಅದು ಕಾವ್ಯ, ಇದು ಆತ್ಮಕಥೆ, ಎರಡೂ ಬೇರೆ ಎಂಬುದು ನನಗೆ ತಿಳಿದಿದೆ. ಆದರೂ ಶೃಂಗಾರದ ಬರಹ ಎದುರಾದಾಗ ಓದುಗ ಸಮಾಜ ಮೊದಲು ಯಾರ ಬಾಯಿ ಮುಚ್ಚಿಸುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಪಶ್ಚಾತ್ತಾಪದ ಪ್ರಶ್ನೆಗೆ ಬಂದರೆ, ಬನಾರಸೀದಾಸ ಎಂಬ ಜೈನ ವರ್ತಕ 1641ರಲ್ಲಿ ಪದ್ಯದಲ್ಲಿ ಬರೆದ 'ಅರ್ಧಕಥಾನಕ'ವನ್ನು ತಾವು ಮುಂದೆ ಓದಬೇಕೆಂದು ನನ್ನ ವಿನಂತಿ. ಯೌವನದಲ್ಲಿ ಪ್ರಣಯದ ಹುಚ್ಚು ಹತ್ತಿಸಿಕೊಂಡು, ಮೈಯೆಲ್ಲ ಹುಣ್ಣಾಗಿ, ಹತ್ತಿರ ಯಾರೂ ಬಾರದಿದ್ದಾಗ ಹೆಂಡತಿ ಮತ್ತು ಅತ್ತೆ ಮಾತ್ರ ಔಷಧಿ ಹಚ್ಚಿ ಉಣಿಸಿದ್ದನ್ನು ಅವನು ಅಳುಮೋರೆ ಹಾಕದೆ, ಬೀಗದೆ, ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಕೊನೆಯಲ್ಲಿ ತನ್ನ ಗುಣಗಳನ್ನೂ ದೋಷಗಳನ್ನೂ ಒಟ್ಟಿಗೇ ಎಣಿಸಿಕೊಡುತ್ತಾನೆ. ಪಶ್ಚಾತ್ತಾಪ ಮತ್ತು ಜಂಬದ ನಡುವೆ ಇಂಥ ಮೂರನೆಯ ದಾರಿಯೂ ಇದೆ, ಅದೂ ನಮ್ಮ ದೇಶದ್ದೇ.

ಉತ್ತರ: ವಕೀಲ, ದಾವಣಗೆರೆ

ಅಳುಕಿದವರಿಗೆ ಎರಡು ಮಾತು. ಮನೆಯಲ್ಲಿ ಕೂತು ಪುಸ್ತಕ ಓದಿ ಚರ್ಚಿಸುವುದು ಅಪರಾಧವಲ್ಲ; ಕಾನೂನು ಮುಟ್ಟುವುದು ಅಶ್ಲೀಲ ಸಾಮಗ್ರಿಯ ಮಾರಾಟ, ಹಂಚಿಕೆ, ಸಾರ್ವಜನಿಕ ಪ್ರದರ್ಶನಗಳನ್ನು. 1964ರಲ್ಲಿ ರಂಜಿತ್ ಉದೇಶಿ ಪ್ರಕರಣದಲ್ಲಿ ಅಶ್ಲೀಲತೆಯನ್ನು ಅಳೆಯುವ ಇಂಗ್ಲೆಂಡಿನ 1868ರ ಒರೆಗಲ್ಲನ್ನೇ ಹಿಡಿದು ಪುಸ್ತಕ ಮಾರಿದವರ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ನಿಜ. ಆದರೆ ಭಾರತೀಯ ದಂಡ ಸಂಹಿತೆಗೆ 1969ರಲ್ಲಿ ತಂದ ತಿದ್ದುಪಡಿ ಸಾಹಿತ್ಯ, ಕಲೆ, ವಿದ್ಯೆಯ ಹಿತಕ್ಕಾಗಿ ಸಮರ್ಥಿಸಬಹುದಾದ ಪ್ರಕಟಣೆಗಳಿಗೆ ಸ್ಪಷ್ಟ ವಿನಾಯಿತಿ ಕೊಟ್ಟಿತು, 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಆ ಹಳೆಯ ಒರೆಗಲ್ಲನ್ನೇ ನ್ಯಾಯಾಲಯ ಕೈಬಿಟ್ಟಿತು. ಈಗ ಈ ವಿಷಯ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮಿನಲ್ಲಿದೆ, ವಿನಾಯಿತಿಯೂ ಅಲ್ಲೇ ಇದೆ. ಪುಸ್ತಕದ ಬಿಡಿ ಪುಟಗಳ ಫೋಟೋ ತೆಗೆದು, ಹಿಂದುಮುಂದಿಲ್ಲದೆ ವಾಟ್ಸಾಪಿನಲ್ಲಿ ಹಂಚುವುದನ್ನು ಮಾತ್ರ ಮಾಡಬೇಡಿ. ಅದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಬೇರೆಯೇ ಇದೆ.

ಉತ್ತರ: ಶಿಕ್ಷಕಿ, ಚಿತ್ರದುರ್ಗ

ಅಧ್ಯಾಪಕರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಪುಸ್ತಕಕ್ಕೆ ಕತ್ತರಿ ಹಾಕಬಾರದು. ಆದರೆ ನಿಮ್ಮ ಬಳಗದ ಮೇಡಂ ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಮುಖ್ಯವೆನಿಸುವುದು ಅದೊಂದೇ.

ನಾನು ಬೆಳೆದದ್ದು ಉಚ್ಚಂಗಿದುರ್ಗದ ಸುತ್ತಿನ ಹಳ್ಳಿಯಲ್ಲಿ. ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ಹೆಂಗಸರು ನಮ್ಮ ಓಣಿಯಲ್ಲೂ ಇದ್ದರು. ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲಿ ತಂದಿತಾದರೂ ಅದಕ್ಕೆ ಮೊದಲೇ ಬದುಕು ಸವೆಸಿದ ಅಜ್ಜಿಯೊಬ್ಬರು ನಮಗೆ ಬರಗಾಲದ ಕಥೆ, ಸುಗ್ಗಿಯ ಕಥೆ, ಯಲ್ಲಮ್ಮನ ಜಾತ್ರೆಯ ಕಥೆ ಎಷ್ಟು ಕೇಳಿದರೂ ಹೇಳುತ್ತಿದ್ದರು. ತನ್ನ ಮನೆಗೆ ಬಂದುಹೋಗುತ್ತಿದ್ದ ಗೌಡರ ಮಾತು ಬಂದರೆ ಮೊರದಲ್ಲಿದ್ದ ಜೋಳವನ್ನು ಜೋರಾಗಿ ಕೇರತೊಡಗುತ್ತಿದ್ದರು, ನಮ್ಮ ಮಾತು ಆ ಸದ್ದಿನಲ್ಲಿ ಮುಳುಗಿ ಹೋಗುತ್ತಿತ್ತು. ಆ ಗೌಡರು ಆತ್ಮಕಥೆ ಬರೆದಿದ್ದರೆ ಅದರಲ್ಲಿ ಆಕೆ ನಗುನಗುತ್ತ ಬಾಗಿಲು ತೆಗೆಯುವ ಒಂದು ಪುಟ ಇರುತ್ತಿತ್ತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ, ಆಕೆ ನಕ್ಕಿರಲೂಬಹುದು. ಅವರ ಕಣ್ಣಿಗೆ ಬಿದ್ದಷ್ಟನ್ನೇ ಅವರು ಪ್ರಾಮಾಣಿಕವಾಗಿ ಬರೆದಿರುತ್ತಿದ್ದರು, ಅಷ್ಟೇ.

ಕಾಸನೋವನನ್ನು ಓದುವಾಗ ನನಗೆ ಇದೇ ಕಾಣುತ್ತದೆ. ಸಿರಿವಂತರ ಮನೆಯ ಹೆಂಗಸರ ಹೆಸರನ್ನು ಮರೆಮಾಡಿ ಮೊದಲಕ್ಷರ ಮಾತ್ರ ಬರೆಯುವ ಎಚ್ಚರ ಅವನಿಗಿದೆ. ಛತ್ರದ ಕೆಲಸದವಳು, ಬಾಡಿಗೆ ಮನೆಯೊಡತಿಯ ಮಗಳು, ಸಾಲದಲ್ಲಿ ಮುಳುಗಿದ ನಟಿ ಇವರಿಗೆ ಒಂದು ಕಾಸು, ಒಂದು ಉಡುಗೊರೆ, ಎರಡು ಸಾಲು. ಬೇಡವೆಂದು ಹೇಳಿದರೆ ಅವರ ಕೆಲಸ ಉಳಿಯುತ್ತಿತ್ತೇ ಎಂಬ ಪ್ರಶ್ನೆ ಅವನ ತಲೆಗೆ ಹೋಗುವುದೇ ಇಲ್ಲ. ಇದನ್ನು "ಆ ಕಾಲ ಹಾಗಿತ್ತು" ಎಂದು ಹಗುರ ಮಾಡುವವರಿಗೆ ನಾನು ಹೇಳುವುದು, ಆ ಕಾಲದಲ್ಲಿ ಆ ಹೆಂಗಸರೂ ಬದುಕಿದ್ದರು, ಕಾಲ ಬರೀ ಅವನದಾಗಿರಲಿಲ್ಲ.

ಅವನ ಕಥೆ 1774ಕ್ಕೆ ನಿಲ್ಲುವುದರಿಂದ ಫ್ರಾಂಚೆಸ್ಕಾ ಬುಸ್ಕಿನಿ ಅದರಲ್ಲಿ ಬರುವುದೇ ಇಲ್ಲ. ವೆನಿಸ್ಸಿನ ಈ ಬಡ ದರ್ಜಿಯ ಜೊತೆ ಅವನು ಕೆಲವು ವರ್ಷ ಮನೆ ಮಾಡಿಕೊಂಡಿದ್ದು, 1783ರಲ್ಲಿ ಊರು ಬಿಟ್ಟ. ಆಕೆ ಬರೆದ ಪತ್ರಗಳು ಡುಕ್ಸ್‌ನಲ್ಲಿ ಉಳಿದು, ಬೇರೆ ಹೆಂಗಸರ ಪತ್ರಗಳ ಜೊತೆ 1912ರಲ್ಲಿ ಇಟಲಿಯಲ್ಲಿ ಅಚ್ಚಾದವು. ಅದರಲ್ಲಿ ಶೃಂಗಾರವಿಲ್ಲ. ಮನೆ ಬಾಡಿಗೆ, ಸಾಲ, ಅವನು ಕಳಿಸಿದ ಹಣ ಯಾವುದಕ್ಕೆ ಆಯಿತು, ದುಡ್ಡಿಲ್ಲದೆ ಅವನು ಬಿಟ್ಟುಹೋದ ಪುಸ್ತಕಗಳನ್ನು ಮಾರಬೇಕಾದ ಗೋಳು, ಇವೇ ತುಂಬಿವೆ. ಮೇಡಂ ಕೇಳಿದ "ತಮ್ಮ ಬಾಯಿಂದ ಹೇಳಿದ್ದರೆ" ಎಂಬುದಕ್ಕೆ ನನಗೆ ಗೊತ್ತಿರುವ ಅತಿ ಹತ್ತಿರದ ಉತ್ತರ ಈ ಪತ್ರಗಳು.

ಉತ್ತರ: ಯುವ ಓದುಗ, ದಾವಣಗೆರೆ

ಮೂಲ ಪ್ರಶ್ನೆಯಲ್ಲಿ ಉಲ್ಲೇಖವಾಗಿರುವ ಯುವಕ ನಾನೇ. ಚಿತ್ರದುರ್ಗದ ಮೇಡಂ, ನಿಮ್ಮ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆದರೆ ಹೆನ್ರಿಯೆಟ್ ಎಂಬಾಕೆಯ ಭಾಗವನ್ನು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ಗಂಡಸಿನ ವೇಷದಲ್ಲಿ ಊರೂರು ಅಲೆಯುತ್ತಿದ್ದ ಆಕೆ, ಒಂದು ಸಂಗೀತ ಕೂಟದಲ್ಲಿ ಯಾರೂ ಎಣಿಸದಿದ್ದಾಗ ಎದ್ದು ಸೆಲ್ಲೋ ವಾದ್ಯವನ್ನು ಎತ್ತಿಕೊಂಡು ನುಡಿಸುತ್ತಾಳೆ. ಅಷ್ಟು ದಿನ ಜೊತೆಗಿದ್ದೂ ಆಕೆಗೆ ಈ ವಿದ್ಯೆ ಬರುತ್ತದೆಂದು ತನಗೆ ತಿಳಿಯದೆ ಹೋಯಿತಲ್ಲ ಎಂದು ಅವನು ತೋಟಕ್ಕೆ ಹೋಗಿ ಅಳುತ್ತಾನೆ. ಜಿನೀವಾದ ಛತ್ರದಲ್ಲಿ ಬೀಳ್ಕೊಂಡಾಗ ಆಕೆ ಕಿಟಕಿಯ ಗಾಜಿನ ಮೇಲೆ ವಜ್ರದ ಮೊನೆಯಿಂದ, ನನ್ನನ್ನೂ ನೀನು ಮರೆಯುತ್ತೀ ಎಂಬರ್ಥದ ಸಾಲನ್ನು ಗೀಚಿ ಹೋಗುತ್ತಾಳೆ. ವರ್ಷಗಳು ಕಳೆದು 1760ರಲ್ಲಿ ಅದೇ ಕೋಣೆಗೆ ಬಂದು ಅವನು ಆ ಸಾಲನ್ನು ಮತ್ತೆ ಓದುತ್ತಾನೆ. ಬರೀ ಬಡಾಯಿ ಕೊಚ್ಚುವವನಾಗಿದ್ದರೆ ತನ್ನ ಮೇಲಿನ ಈ ಆರೋಪವನ್ನು ತಾನೇ ಯಾಕೆ ದಾಖಲಿಸುತ್ತಿದ್ದ? ತನಗೆ ಹತ್ತಿದ ಗುಹ್ಯರೋಗಗಳು, ತಾನು ಮೋಸಹೋದ ಸಂದರ್ಭಗಳು, ಮುಪ್ಪಿನ ಸೋಲು ಎಲ್ಲವನ್ನೂ ಅವನು ಬಿಡದೆ ಬರೆದಿದ್ದಾನೆ. ಪಶ್ಚಾತ್ತಾಪದ ಮಾತಿಲ್ಲದಿದ್ದರೂ ಅವನ ವಿರುದ್ಧದ ಸಾಕ್ಷ್ಯ ಅವನ ಪುಸ್ತಕದಲ್ಲೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಉತ್ತರ: ಶಿಕ್ಷಕಿ, ಚಿತ್ರದುರ್ಗ

ಹೆನ್ರಿಯೆಟ್ ಭಾಗ ನನಗೂ ಇಷ್ಟ. ಆಕೆಗೆ ಓದು ಬರುತ್ತಿತ್ತು, ಹಿಂದೆ ಮನೆತನವಿತ್ತು, ಗಾಜಿನ ಮೇಲೆ ಗೀಚಲು ಕೈಯಲ್ಲಿ ವಜ್ರವಿತ್ತು. ಆದ್ದರಿಂದಲೇ ಆಕೆಯ ಒಂದು ಸಾಲು ಉಳಿಯಿತು. ಸಾಕ್ಷ್ಯ ಪುಸ್ತಕದಲ್ಲೇ ಇದೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನಪ್ಪಾ. ಎಲ್ಲರದೂ ಇಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ. ನಮ್ಮ ತಳುಕಿನ ತ.ರಾ.ಸು. ಅವರು ವೇಶ್ಯಾವಾಟಿಕೆಗೆ ಬಿದ್ದ ಹೆಂಗಸರ ಬದುಕನ್ನು ಕಾದಂಬರಿಯಲ್ಲಿ ಬರೆದಾಗ ಅವರ ಒಳಗನ್ನು ಕಲ್ಪಿಸಿಕೊಂಡು ಬರೆಯುವ ಹೊಣೆ ಹೊತ್ತರು. ಆತ್ಮಕಥೆಯಲ್ಲಿ ಲೇಖಕ ಆ ಹೊಣೆ ಹೊರದಿದ್ದರೆ ಅದು ಓದುಗರ ಮೇಲೆ ಬೀಳುತ್ತದೆ.

ಪ್ರತಿಕ್ರಿಯೆ: ದಾವಣಗೆರೆಯ ಓದುಗ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅಧ್ಯಾಪಕರು ಹೇಳಿದಂತೆ ವಿಚಾರಿಸಿದೆ. ಅರ್ಧಕ್ಕೆ ಬಿಟ್ಟ ಹಿರಿಯರು ಓದಿದ್ದು 1894ರ ಅನುವಾದ, ಯುವಕರು ಓದಿದ್ದು ಟ್ರಾಸ್ಕ್ ಅವರದು. ಮುಂದಿನ ಸಭೆಗೆ ಹೆನ್ರಿಯೆಟ್ ಭಾಗವನ್ನು ಎರಡೂ ಅನುವಾದಗಳಲ್ಲಿ ಅಕ್ಕಪಕ್ಕ ಇಟ್ಟು ಓದುವುದೆಂದು ಗೊತ್ತುಮಾಡಿದ್ದೇವೆ, ಹಿರಿಯರೂ ಬರಲು ಒಪ್ಪಿದ್ದಾರೆ. ಫ್ರಾಂಚೆಸ್ಕಾಳ ಪತ್ರಗಳು ಇಂಗ್ಲಿಷಿನಲ್ಲಿ ಒಂದೆರಡಾದರೂ ಸಿಗುವುದಾದರೆ ಶಿಕ್ಷಕಿಯವರು ತಿಳಿಸಬೇಕು. ಅವರೇ ಬಂದು ಓದಿ ಹೇಳುವುದಾದರೆ ಚಿತ್ರದುರ್ಗದಿಂದ ಬಸ್ಸಿಗೆ ಹೆಚ್ಚು ಹೊತ್ತೇನೂ ಆಗುವುದಿಲ್ಲ, ನಮ್ಮ ಮನೆಯಲ್ಲೇ ಊಟದ ಏರ್ಪಾಡು ಇರುತ್ತದೆ.