ಪಿಕೊಲೊ ಬೆಳ್ಳಿಯದೇ ಆಗಬೇಕೆ? ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ, ಬಳ್ಳಾರಿ: ಪಿಕೊಲೊ ಎಂಬ ಪುಟ್ಟ ಪಾಶ್ಚಾತ್ಯ ಕೊಳಲಿನ ಬಗ್ಗೆ ನನಗೆ ಬಂದದ್ದನ್ನು ಹಾಗೆಯೇ ಫಾರ್ವರ್ಡ್ ಮಾಡುತ್ತಿದ್ದೇನೆ. “ಪಿಕೊಲೊ ಕೊಳ್ಳುವುದಾದರೆ ಬೆಳ್ಳಿಯದನ್ನೇ ಕೊಳ್ಳಿರಿ. ಮರದ್ದು ಸೀಳುತ್ತದೆ, ಪ್ಲಾಸ್ಟಿಕ್‌ನದು ಬರೀ ಆಟಿಕೆ. ಹಣ ಸಾಲದವರು ಜರ್ಮನ್ ಸಿಲ್ವರ್ ತೆಗೆದುಕೊಳ್ಳಬಹುದು, ಅದೂ ಬೆಳ್ಳಿಯೇ.” ಮೊಮ್ಮಗಳು ಶಾಲೆಯ ಬ್ಯಾಂಡಿಗೆಂದು ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದಬೇಕು.

ಕಾಕಾ, ರಾಯಚೂರು: ಬರೆದವರ ಹೆಸರಿಲ್ಲ, ಆಧಾರವೂ ಇಲ್ಲ. ಅಣ್ಣ, ಹೋದ ಸಲ ನೀವು ಕಳುಹಿಸಿದ ಜಮೀನಿನ ಸುದ್ದಿಗೂ ಆಧಾರ ಕೇಳಿದ್ದೆ, ಇನ್ನೂ ಉತ್ತರ ಬಂದಿಲ್ಲ.

ಸೋದರತ್ತೆ, ಕೊಪ್ಪಳ: ಜರ್ಮನ್ ಸಿಲ್ವರ್ ಬೆಳ್ಳಿಯೇ ಎಂಬ ಮಾತು ಅಣ್ಣನ ಫೋನಿನಿಂದಲೇ ಬಂದದ್ದು ನೋಡಿ ಸುಮ್ಮನಿರಲಾಗಲಿಲ್ಲ. ನನ್ನ ಮಗಳ ಮದುವೆಯಲ್ಲಿ ಬೆಳ್ಳಿಯದೆಂದು ಎಲ್ಲರೆದುರು ಕೊಟ್ಟ ಕುಂಕುಮದ ಬಟ್ಟಲನ್ನು ಅಕ್ಕಸಾಲಿಗನು ಒರೆಗೆ ಹಚ್ಚಿ ನೋಡಿ, ಇದರಲ್ಲಿ ಗುಲಗಂಜಿಯಷ್ಟೂ ಬೆಳ್ಳಿಯಿಲ್ಲ ಎಂದು ಹಿಂದಿರುಗಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ದೊಡ್ಡಪ್ಪ, ಬಳ್ಳಾರಿ: ಅಂಗಡಿಯವನು ಅದನ್ನು ಬೆಳ್ಳಿಯೆಂದೇ ಹೇಳಿ ಮಾರಿದ್ದ. ಉಡುಗೊರೆಯಲ್ಲಿ ಲೋಹವನ್ನಲ್ಲ, ಕೊಟ್ಟವರ ಮನಸ್ಸನ್ನು ನೋಡಬೇಕು. ಹಿರಿಯರ ಮಾನವನ್ನು ನಾಲ್ಕು ಜನರ ಮುಂದೆ ಹರಾಜಿಗಿಡುವ ರೂಢಿ ನಮ್ಮ ಮನೆತನದಲ್ಲಿ ಎಂದೂ ಇರಲಿಲ್ಲ.

ಅಣ್ಣ, ಸಿರುಗುಪ್ಪ: ಬ್ಯಾಂಡ್ ಎಂದೊಡನೆ ನನಗೆ ಕೌಲ್ ಬಜಾರಿನ ಮದುವೆ ಮೆರವಣಿಗೆಗಳು ನೆನಪಾಗುತ್ತವೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕೆಂಪು ಕೋಟಿನ ಕ್ಲಾರಿನೆಟ್‌ನವರು ನಿಂತು ನುಡಿಸಿದರೆ ಅಜ್ಜಿ ಊಟ ಬಿಟ್ಟು ಹೊರಗೆ ಬರುತ್ತಿದ್ದಳು. ಆ ಕಪ್ಪು ಮರದ ವಾದ್ಯಗಳು ನಮ್ಮ ಬಿಸಿಲಿಗೆ ಸೀಳಿದ್ದನ್ನು ನಾನಂತೂ ಕಂಡಿಲ್ಲ.

ನಾನು: ಬಟ್ಟಲಿನ ವಿಷಯವನ್ನು ಹಿರಿಯರಿಗೆ ಬಿಡುತ್ತೇನೆ, ಆದರೆ ಪಿಕೊಲೊ ನುಡಿಸುವವಳಾಗಿ ಈ ಸಂದೇಶಕ್ಕೆ ಉತ್ತರ ಕೊಡಲೇಬೇಕು. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಅತ್ತೆಯ ಅಕ್ಕಸಾಲಿಗನು ಹೇಳಿದ್ದೇ ಸರಿ. ಅಗ್ಗದ ಪಿಕೊಲೊವನ್ನು ಬೆಳ್ಳಿಯದೆಂದು ತೋರಿಸಿದರೆ ಸಾಮಾನ್ಯವಾಗಿ ಅದು ಇದೇ ಲೋಹದ ಮೇಲೆ ಬೆಳ್ಳಿಯ ತೆಳುಲೇಪ ಕೊಟ್ಟದ್ದಾಗಿರುತ್ತದೆ. ನಿಜವಾಗಿ ಬೆಳ್ಳಿಯದಾದರೆ ಅದು ಸಾಮಾನ್ಯವಾಗಿ ಸ್ಟರ್ಲಿಂಗ್, ಅಂದರೆ 1000 ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಇದಕ್ಕಿಂತ ಮೆತ್ತಗಿರುತ್ತದೆ. ಲೇಪದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ತುಟಿ ತಾಗುವಲ್ಲಿ, ಎಡಗೈ ಬೆರಳು ಒರಗುವಲ್ಲಿ ಬೆವರಿಗೆ ಲೇಪ ಸವೆದು ಒಳಗಿನ ಹಳದಿ ಛಾಯೆ ಕಾಣತೊಡಗುತ್ತದೆ, ಮತ್ತು ನಿಕ್ಕಲ್ ಆಗದವರಿಗೆ ಅಲ್ಲಿಯೇ ತುಟಿ ಕೆರೆಯಲು ಮೊದಲಾಗುತ್ತದೆ. ಕಪ್ಪಾಗುವುದು ಬೇರೆ ಮಾತು, ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ.

ಕಾಕಾ, ರಾಯಚೂರು: ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುವುದಿಲ್ಲವೇ?

ನಾನು: ತಿಳಿಯುವುದಿಲ್ಲ, ಕಾಕಾ. ಬೆಳ್ಳಿಯಂತೆ ಈ ಮಿಶ್ರಲೋಹವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ತಲೆಯ ಭಾಗದ, ಅಂದರೆ ಊದುವ ತುಂಡಿನ ಮೇಲೆ 925 ಎಂಬ ಮುದ್ರೆಯಿದೆಯೇ ಎಂದು ನೋಡಬೇಕು.

ದೊಡ್ಡಪ್ಪ, ಬಳ್ಳಾರಿ: ಹಾಗಾದರೆ ನಾದ? ಬೆಳ್ಳಿಯ ನಾದ ಬೇರೆಯೇ ಎಂದು ಎಲ್ಲರೂ ಹೇಳುತ್ತಾರೆ.

ನಾನು: 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ಬೆಳ್ಳಿ, ತಾಮ್ರ, ಮರಗಳಿಂದ ಒಳ ಅಳತೆ ಒಂದೇ ಇರುವ ಪಾಶ್ಚಾತ್ಯ ಬಗೆಯ ಕೊಳಲುಗಳನ್ನು ಮಾಡಿ, ಮರೆಯಲ್ಲಿ ನುಡಿಸಿ ಕೇಳಿಸಿದಾಗ, ಕೇಳುಗರಿಗೆ ಅವುಗಳಲ್ಲಿ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ.

ಕಾಕಾ, ರಾಯಚೂರು: ಅದು ಕೊಳಲಿನ ಪ್ರಯೋಗ, ಪಿಕೊಲೊದ್ದಲ್ಲ. ಆದರೂ ಈ ಗುಂಪಿನಲ್ಲಿ ಹೆಸರು, ಇಸವಿ ಸಹಿತ ಒಂದು ಮಾತು ಬಂದದ್ದು ಸಂತೋಷ.

ನಾನು: ಒಪ್ಪುತ್ತೇನೆ. ಪಿಕೊಲೊ ಕೊಳಲಿನ ಅರ್ಧದಷ್ಟೇ ಉದ್ದವಿದ್ದು ಒಂದು ಸಪ್ತಕ ಮೇಲೆ ನುಡಿಯುವುದರಿಂದ, ಊದುವ ರಂಧ್ರದ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸ್ವರದಲ್ಲಿ ಕೇಳಿಸುತ್ತದೆ. ಒಡಲಿನ ಒಳಗು ತುದಿಯತ್ತ ಕಿರಿದಾಗುತ್ತದೆಯೋ, ನೇರವಾಗಿದೆಯೋ ಎಂಬುದೂ ನಾದವನ್ನು ಬದಲಿಸುತ್ತದೆ. ಲೋಹದ ವಾದ್ಯ ಚುರುಕಾಗಿ ನುಡಿಯುತ್ತದೆ, ಮರದ್ದು ಮೃದು ಎಂಬ ಅನುಭವಕ್ಕೆ ಈ ಆಕಾರಗಳೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಇನ್ನು ಮರ ಸೀಳುವ ಮಾತು ಸುಳ್ಳಲ್ಲ. ಇಂಥ ವಾದ್ಯಗಳಿಗೆ ಬಳಸುವ ಆಫ್ರಿಕದ ಗ್ರೆನಡಿಲ್ಲಾ ಮರ ಎಷ್ಟೇ ಗಟ್ಟಿಯಾಗಿದ್ದರೂ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಒಣಗಾಳಿ ಹೊರಗೆ, ಉಸಿರಿನ ತೇವ ಒಳಗೆ ಇದ್ದಾಗ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ಅಣ್ಣ, ಬ್ಯಾಂಡಿನ ಕ್ಲಾರಿನೆಟ್‌ಗಳಲ್ಲಿ ಕಪ್ಪು ಎಬೊನೈಟ್, ಅಂದರೆ ಗಟ್ಟಿ ರಬ್ಬರಿನವೂ ಇರುತ್ತಿದ್ದವು, ದೂರದಿಂದ ಅವು ಮರದಂತೆಯೇ ಕಾಣುತ್ತವೆ.

ಅಣ್ಣ, ಸಿರುಗುಪ್ಪ: ಅಜ್ಜಿಗೆ ಇಷ್ಟವಾದದ್ದು ಎಬೊನೈಟ್ ಎಂದರೆ ನಾನು ಒಪ್ಪುವುದಿಲ್ಲ.

ದೊಡ್ಡಪ್ಪ, ಬಳ್ಳಾರಿ: ಕೊನೆಗೆ ಏನನ್ನು ಕೊಳ್ಳಬೇಕೆಂದು ಹೇಳಮ್ಮ, ಹಣ ನಾನು ಕೊಡುತ್ತೇನೆ.

ನಾನು: ಬಯಲಿನಲ್ಲಿ, ಬಿಸಿಲಿನಲ್ಲಿ ನುಡಿಸುವ ಹುಡುಗಿಗೆ ಒಡಲು ಗಟ್ಟಿ ಪ್ಲಾಸ್ಟಿಕ್‌ನದು, ತಲೆ ಬೆಳ್ಳಿಲೇಪದ್ದು ಇರುವ ವಾದ್ಯ ಸಾಕು. ಅವಳು ಈಗ ನುಡಿಸುವ ಕೊಳಲಿನಲ್ಲಿರುವಂತೆ ಈ ಲೋಹದ ತಲೆಯಲ್ಲಿಯೂ ತುಟಿ ಊರುವ ತಟ್ಟೆ ಇರುವುದರಿಂದ ಬಾಯಿ ಬೇಗ ಹೊಂದಿಕೊಳ್ಳುತ್ತದೆ. ಮರದ ತಲೆಯಲ್ಲಿ ಸಾಮಾನ್ಯವಾಗಿ ಆ ತಟ್ಟೆ ಇರುವುದಿಲ್ಲ.

ಸೋದರತ್ತೆ, ಕೊಪ್ಪಳ: ಹಣ ಬಳ್ಳಾರಿ ಅಣ್ಣನದಾದರೂ ಆರಿಸಲು ಅವನೊಬ್ಬನನ್ನೇ ಕಳುಹಿಸಬೇಡಿ.

ನಾನು: ದೊಡ್ಡಪ್ಪ, ಹಣ ಕಟ್ಟುವ ಮೊದಲು ತಲೆಯ ಲೋಹ, ಮೇಲಿನ ಲೇಪ, ಒಡಲಿನ ವಸ್ತು ಇವಿಷ್ಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮತ್ತು ಹುಡುಗಿಯ ಕೈಗೇ ಕೊಟ್ಟು ನುಡಿಸಿರಿ. ಅತಿ ಕೆಳಗಿನ ಡಿ ಸ್ವರ ಅವಳಿಗೆ ಸಲೀಸಾಗಿ ಬಾರದಿದ್ದರೆ ರಂಧ್ರ ಮುಚ್ಚುವ ಮೆತ್ತೆಗಳಾದ ಪ್ಯಾಡುಗಳಲ್ಲಿ ಗಾಳಿ ಸೋರುತ್ತಿರಬಹುದು, ಅಂಥದ್ದನ್ನು ಅಲ್ಲಿಯೇ ಬಿಟ್ಟು ಇನ್ನೊಂದನ್ನು ಕೇಳಿ.